ತೊಡೆ ದಪ್ಪ ಆಗ್ತಿದೆ ಅಂತ ಸ್ಕ್ವಾಟ್ ಬಿಟ್ಟಿದ್ದೆ

ಜಿಮ್ ಸೇರಿ ಇಪ್ಪತ್ತೆರಡನೇ ದಿನ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಕಪ್ಪು ಪ್ಯಾಂಟ್ ಹಾಕಿಕೊಂಡೆ. ಸೊಂಟದ ಗುಂಡಿ ಸಲೀಸಾಗಿ ಬಿತ್ತು. ಆದರೆ ತೊಡೆಯ ಹತ್ತಿರ ಬಟ್ಟೆ ಬಿಗಿಯಾಗಿ ಹಿಡಿದುಕೊಂಡಿತ್ತು. ಕುರ್ಚಿಯಲ್ಲಿ ಕೂತರೆ ಹೊಲಿಗೆ ಎಳೆಯುತ್ತಿತ್ತು. ಮೂರು ವಾರದ ಹಿಂದೆ ಇದೇ ಪ್ಯಾಂಟ್ ಹೀಗೆ ಇರಲಿಲ್ಲ.

ಸಂಜೆ ಜಿಮ್ ಮುಗಿಸಿ ಬಂದು ಟೇಪ್ ತೆಗೆದೆ. ಮೊದಲ ದಿನ ಪುಸ್ತಕದಲ್ಲಿ ಬರೆದುಕೊಂಡಿದ್ದು ತೊಡೆ 61 ಸೆಂ.ಮೀ. ಈಗ 62.2. ಮೂರು ಸಲ ಅಳೆದೆ. ಪ್ರತಿ ಸಲವೂ ಅಷ್ಟೇ ಬಂತು. ತೂಕ ಮಾತ್ರ 74 ಕೆ.ಜಿ.ಯಿಂದ 73.1ಕ್ಕೆ ಇಳಿದಿತ್ತು. ಅಂದರೆ ನಾನು ತೆಳ್ಳಗಾಗುತ್ತಿದ್ದೆ, ನನ್ನ ತೊಡೆ ದಪ್ಪ ಆಗುತ್ತಿತ್ತು. ಮಂಚದ ಮೇಲೆ ಕೂತು ಅತ್ತುಬಿಟ್ಟೆ.

ಇದನ್ನು ಬರೆಯುತ್ತಿರುವುದೇ ಆ ಒಂದು ಚಿಲ್ಲರೆ ಸೆಂಟಿಮೀಟರ್‌ಗಾಗಿ. ಭಾರ ಎತ್ತಲು ಶುರು ಮಾಡಿದ ಎಷ್ಟೋ ಹೆಂಗಸರು ಇದೇ ಮೂರನೇ, ನಾಲ್ಕನೇ ವಾರದಲ್ಲಿ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ.

ನಾನು ಜಿಮ್‌ಗೆ ಹೋಗಿದ್ದು ಡಾಕ್ಟರ್ ಹೇಳಿದ್ದಕ್ಕೆ. ಆಗ ನನಗೆ 38 ವರ್ಷ, ಎತ್ತರ 158 ಸೆಂ.ಮೀ. ರಕ್ತ ಪರೀಕ್ಷೆಯಲ್ಲಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ. "ತೂಕ ಇಳಿಸಿ. ಬರೀ ನಡೆದರೆ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ" ಅಂದರು ಡಾಕ್ಟರ್. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯೂ ಅದೇ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ಓಡಾಡಬೇಕು. ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ದೊಡ್ಡ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಮಾಡಬೇಕು.

ಜಿಮ್‌ನಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಉತ್ಸಾಹ ಜಾಸ್ತಿ. ಮೊದಲ ದಿನವೇ ಸ್ಕ್ವಾಟ್ (ಮಂಡಿ ಮಡಿಸಿ ಕೂತು ಏಳುವುದು), ಲಂಜ್, ಲೆಗ್ ಪ್ರೆಸ್ ಎಲ್ಲ ಮಾಡಿಸಿದ. ಮಾರನೇ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿದುಕೊಳ್ಳಬೇಕಾಯಿತು. ಅದರ ಮಾರನೇ ದಿನ ಇನ್ನೂ ಜಾಸ್ತಿ. ನೋವು ಪೂರ್ತಿ ಇಳಿಯುವ ಮೊದಲೇ ಮತ್ತೆ ಕಾಲಿನ ವ್ಯಾಯಾಮ. ಹೀಗೆ ವಾರಕ್ಕೆ ನಾಲ್ಕು ದಿನ. ನೋವು ಬಂದರೆ ಕೊಬ್ಬು ಕರಗುತ್ತಿದೆ ಅಂತ ನಾನೂ ನಂಬಿದ್ದೆ. ಹಾಗಾಗಿ ಸುಮ್ನೆ ಮಾಡುತ್ತಾ ಹೋದೆ.

ಪ್ಯಾಂಟ್ ಬಿಗಿಯಾದ ವಿಷಯ ಹೇಳಿದಾಗ ಆತ ತಲೆ ಅಲ್ಲಾಡಿಸಿದ. "ಇಲ್ಲ ಮೇಡಂ, ಹೆಂಗಸರಿಗೆ ದಪ್ಪ ಆಗೋದೇ ಇಲ್ಲ. ನಿಮಗೆ ಹಾಗೆ ಅನ್ನಿಸ್ತಿದೆ ಅಷ್ಟೇ."

ಅನ್ನಿಸ್ತಿರೋದಲ್ಲ, ಟೇಪ್‌ನಲ್ಲಿ ಕಾಣ್ತಿದೆ ಅಂದೆ. ಆತನ ಹತ್ತಿರ ಉತ್ತರ ಇರಲಿಲ್ಲ.

ಮನೆಯಲ್ಲಿ ಅತ್ತಿಗೆ ಹತ್ತಿರ ಹೇಳಿಕೊಂಡೆ. "ಅಷ್ಟು ಭಾರ ಎತ್ತಿದ್ರೆ ಕಾಲು ದಪ್ಪ ಆಗ್ದೆ ಇರುತ್ತೇನೆ? ಅದೆಲ್ಲ ಬಿಟ್ಟು ವಾಕಿಂಗ್ ಮಾಡು. ನಾನು ಮೊದಲೇ ಹೇಳಿರಲಿಲ್ವಾ" ಅಂದರು. ಅವರ ಮಾತಿನಲ್ಲಿ ಪ್ರೀತಿ ಇತ್ತು. ನನ್ನ ಕಣ್ಣಿಗೆ ಕಂಡದ್ದಕ್ಕೆ ಒಂದು ಕಾರಣವೂ ಇತ್ತು. ಜಿಮ್‌ನ ಹುಡುಗ ನನ್ನ ಅಳತೆಯನ್ನೇ ಇಲ್ಲ ಅಂದಿದ್ದ. ಅತ್ತಿಗೆ ಹೌದು ಅಂದರು. ನಾನು ಅತ್ತಿಗೆ ಮಾತು ಕೇಳಿದೆ.

ಆರು ವಾರ ಬರೀ ಟ್ರೆಡ್‌ಮಿಲ್. ದಿನಕ್ಕೆ ಒಂದು ಗಂಟೆ. ಊಟ ಅರ್ಧಕ್ಕೆ ಅರ್ಧ ಕಡಿಮೆ ಮಾಡಿದೆ. ತೂಕ ಚೆನ್ನಾಗಿಯೇ ಇಳಿಯಿತು, 69.8ಕ್ಕೆ ಬಂತು. ತೊಡೆ 60 ಆಯಿತು. ಗೆದ್ದೆ ಅನ್ನಿಸಿತು. ಸ್ಕ್ವಾಟ್ ಬಿಟ್ಟಿದ್ದಕ್ಕೇ ತೊಡೆ ಇಳಿಯಿತು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಆದರೆ ಆರನೇ ವಾರದ ಹೊತ್ತಿಗೆ ಏನೋ ಸರಿ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಮಂಡಿ ಮುಂದೆ ನೋವು. ನೆಲದಿಂದ ಏಳಲು ಕೈ ಊರಬೇಕು. ಮಧ್ಯಾಹ್ನ ಮೂರು ಗಂಟೆಗೆಲ್ಲ ಸುಸ್ತು. ಹಿಡಿದರೆ ತೊಡೆ ಮೊದಲಿಗಿಂತ ಮೆತ್ತಗೆ. ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ಟೇಪ್ 60 ತೋರಿಸುತ್ತಿದ್ದರೂ ಕನ್ನಡಿಯಲ್ಲಿ ಕಾಲು ಮೊದಲಿಗಿಂತ ದಪ್ಪ ಕಾಣುತ್ತಿತ್ತು! ಸಣ್ಣ ಆದ ತೊಡೆ ದಪ್ಪ ಕಾಣುವುದು ಹೇಗೆ?

ಮಂಡಿ ನೋವಿಗೆ ಅಂತ ನನ್ನ ಹಳೇ ಗೆಳತಿಯನ್ನು ನೋಡಲು ಹೋದೆ. ಅವಳು ಫಿಸಿಯೋಥೆರಪಿಸ್ಟ್. ಮಂಡಿ ಮುಟ್ಟಿ ನೋಡಿದಳು. ಒಂದೇ ಕಾಲಲ್ಲಿ ನಿಂತು ನಿಧಾನ ಕೂರಲು ಹೇಳಿದಳು. ನನ್ನ ಮಂಡಿ ಒಳಕ್ಕೆ ವಾಲಿತು, ಕಾಲು ನಡುಗಿತು. ಏನೇನು ಮಾಡಿದೆ ಅಂತ ಕೇಳಿದಳು. ಎಲ್ಲ ಹೇಳಿದೆ. ಪುಸ್ತಕ ತೋರಿಸಿದೆ.

"62.2 ಅಂತ ಬರೆದಿದ್ದೀಯಲ್ಲ, ಅದು ಸುಳ್ಳಲ್ಲ ಕಣೇ. ಆವತ್ತು ನಿನ್ನ ತೊಡೆ ನಿಜವಾಗಿ ದಪ್ಪ ಆಗಿತ್ತು. ಆದ್ರೆ ಒಳಗೆ ತುಂಬಿದ್ದು ನೀರು."

ಅಷ್ಟು ದಿನದಲ್ಲಿ ನನ್ನ ಮಾತು ನಂಬಿ, ಅದಕ್ಕೆ ಸರಿಯಾದ ಕಾರಣವನ್ನೂ ಹೇಳಿದ್ದು ಅವಳೊಬ್ಬಳೇ.

ಅವಳು ಒಂದು ಕಾಗದದ ಮೇಲೆ ದುಂಡಗೆ ಗೆರೆ ಎಳೆದಳು. ತೊಡೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಹಾಗೆ. ನಡುವೆ ಮೂಳೆ, ಸುತ್ತ ಸ್ನಾಯು, ಅದರ ಸುತ್ತ ಕೊಬ್ಬು, ಹೊರಗೆ ಚರ್ಮ. ಸುತ್ತಳತೆ 1.2 ಸೆಂ.ಮೀ. ಹೆಚ್ಚಾಯಿತು ಅಂದರೆ ಈ ದುಂಡು ಎಲ್ಲ ಕಡೆ ಸುಮಾರು 2 ಮಿಲಿಮೀಟರ್ ಉಬ್ಬಿದೆ ಅಂತ ಅರ್ಥ. ಕೇಳಲು ಸಣ್ಣದು. ಆದರೆ ಅಷ್ಟೂ ಸ್ನಾಯುವೇ ಆಗಬೇಕಾದರೆ ತೊಡೆಯ ಸ್ನಾಯು ಹತ್ತರಲ್ಲಿ ಒಂದು ಪಾಲಿನಷ್ಟು ಬೆಳೆಯಬೇಕಾಗುತ್ತದೆ. ಅದಕ್ಕೆ ಚೆನ್ನಾಗಿ ತಿಂದು, ಸರಿಯಾಗಿ ಭಾರ ಎತ್ತಿದರೂ ತಿಂಗಳುಗಟ್ಟಲೆ ಬೇಕು. ಕಡಿಮೆ ತಿನ್ನುತ್ತಾ ಮೂರು ವಾರದಲ್ಲಿ ಆಗುವ ಮಾತೇ ಅಲ್ಲ.

ಹಾಗಾದರೆ ನೀರು ಎಲ್ಲಿಂದ ಬಂತು? ಅಭ್ಯಾಸ ಇಲ್ಲದ ಕೆಲಸ ಕೊಟ್ಟಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಅದನ್ನು ಸರಿ ಮಾಡಲು ಮೈ ಆ ಜಾಗಕ್ಕೆ ರಕ್ತ, ನೀರು ಕಳಿಸುತ್ತದೆ. ಸ್ವಲ್ಪ ಬಾವು ಬರುತ್ತದೆ. ವ್ಯಾಯಾಮದ ಮಾರನೇ ದಿನದಿಂದ ಮೂರನೇ ದಿನದವರೆಗೆ ನೋವು ಜಾಸ್ತಿ ಇರುವುದು ಇದೇ ಹೊತ್ತಿನಲ್ಲಿ. ನಾನು ವಾರಕ್ಕೆ ನಾಲ್ಕು ಸಲ ಕಾಲಿಗೇ ಪೆಟ್ಟು ಕೊಡುತ್ತಿದ್ದೆ. ಒಂದು ಬಾವು ಇಳಿಯುವ ಮೊದಲೇ ಇನ್ನೊಂದು. ಮೂರು ವಾರ ನನ್ನ ತೊಡೆ ಆರಲೇ ಇಲ್ಲ.

ಎರಡನೇದು ಗ್ಲೈಕೋಜನ್. ಸ್ನಾಯುಗಳು ಕೆಲಸಕ್ಕೆ ಬೇಕಾದ ಸಕ್ಕರೆಯನ್ನು ತಮ್ಮೊಳಗೇ ಈ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಕೆಲಸ ಮಾಡಿ ಅಭ್ಯಾಸವಾದ ಸ್ನಾಯು ಇದನ್ನು ಮೊದಲಿಗಿಂತ ಜಾಸ್ತಿ ಕೂಡಿಡಲು ಕಲಿಯುತ್ತದೆ. ನನ್ನ ಹಾಗೆ ಸಕ್ಕರೆ ಹೊಸ್ತಿಲಲ್ಲಿ ಇರುವವರಿಗೆ ಇದು ಒಳ್ಳೇ ಸುದ್ದಿ. ರಕ್ತದಲ್ಲಿ ಸುತ್ತುವ ಸಕ್ಕರೆಗೆ ಸ್ನಾಯುವಿನಲ್ಲಿ ಜಾಗ ಸಿಕ್ಕ ಹಾಗೆ. ತೊಡೆ ತುಂಬಿಕೊಂಡಿದ್ದಕ್ಕೆ ನಾನು ಅಳುತ್ತಿದ್ದೆ. ಡಾಕ್ಟರ್ ನನ್ನನ್ನು ಜಿಮ್‌ಗೆ ಕಳಿಸಿದ್ದೇ ಅದಕ್ಕೆ!

ಮೂರನೇದು ನಾನು ಅಳೆದ ಹೊತ್ತು. ಜಿಮ್‌ನಿಂದ ಬಂದ ಕೂಡಲೇ ಟೇಪ್ ಹಿಡಿದಿದ್ದೆ. ಆಗ ಸ್ನಾಯುಗಳಲ್ಲಿ ರಕ್ತ ತುಂಬಿರುತ್ತದೆ. ಮೊದಲ ದಿನದ 61 ಮಾತ್ರ ಬೆಳಿಗ್ಗೆ ಎದ್ದ ತಕ್ಷಣ ಅಳೆದದ್ದು. ಸಾಲದ್ದಕ್ಕೆ ಆ ವಾರ ಮುಟ್ಟಿನ ಮುಂಚಿನ ವಾರ. ಆಗ ಎಷ್ಟೋ ಹೆಂಗಸರ ಮೈಯಲ್ಲಿ ನೀರು ನಿಲ್ಲುತ್ತದೆ.

"ಆರು ವಾರ ಬಿಟ್ಟೆ, ಇಳೀತಲ್ಲ?" ಅಂತ ಕೇಳಿದೆ. ಅವಳು ನನ್ನ ಪುಸ್ತಕದ ತೂಕದ ಸಾಲಿನ ಮೇಲೆ ಬೆರಳಿಟ್ಟಳು. ಬಿಟ್ಟ ಮೇಲೆ ಮೊದಲು ಇಳಿದದ್ದು ಆ ಬಾವು. ಆಮೇಲೆ ಕೊಬ್ಬು. ಜೊತೆಗೆ ಸ್ನಾಯು ಕೂಡ. ಸ್ನಾಯುಗಳಿಗೆ ಕೆಲಸ ಕೊಡದೆ ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ, ಇಳಿದ ತೂಕದಲ್ಲಿ ಸುಮಾರು ಕಾಲು ಪಾಲು ಕೊಬ್ಬಲ್ಲದ ಅಂಶ ಆಗಿರಬಹುದು. ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಮುಂದಿನ ನಾಲ್ಕು ಸ್ನಾಯುಗಳು. ನಾನು ಅವನ್ನೇ ಸೊರಗಿಸಿದ್ದೆ.

ಕನ್ನಡಿಯ ವಿಷಯವನ್ನೂ ಕೇಳಿದೆ. ಇದಕ್ಕೆ ಅವಳು ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಯಾಕೆಂದರೆ "ವ್ಯಾಯಾಮ ಮಾಡಿ ಕಾಲು ದಪ್ಪ ಆಯ್ತು" ಅನ್ನುವ ಎಷ್ಟೋ ಮಾತುಗಳ ಹಿಂದೆ ಇರುವುದು ಇದೇ.

ಹೆಂಗಸರ ಮೈ ಕೊಬ್ಬನ್ನು ಎಲ್ಲ ಕಡೆಯಿಂದ ಸಮವಾಗಿ ಇಳಿಸುವುದಿಲ್ಲ. ಈಸ್ಟ್ರೋಜನ್ ಕೊಬ್ಬನ್ನು ಸೊಂಟದ ಕೆಳಗೆ, ತೊಡೆಗೆ, ಹಿಂಭಾಗಕ್ಕೆ ಕಳಿಸುತ್ತದೆ. ಬಸಿರು, ಬಾಣಂತನದ ದಿನಗಳಿಗೆ ಅಂತ ಮೈ ಕಟ್ಟಿಡುವ ಬುತ್ತಿ ಅದು. ಅಲ್ಲಿನ ಕೊಬ್ಬಿನ ಕಣಗಳ ಮೇಲೆ ಆಲ್ಫಾ-2 ಅನ್ನುವ ಗ್ರಾಹಕಗಳು ಜಾಸ್ತಿ. "ಕೊಬ್ಬು ಬಿಡು" ಅನ್ನುವ ಸಂದೇಶ ಬಂದಾಗ ಇವು ತಡೆ ಹಾಕುತ್ತವೆ. ಹೊಟ್ಟೆಯ ಕೊಬ್ಬಿನಲ್ಲಿ ಆ ತಡೆ ಕಡಿಮೆ. ಹಾಗಾಗಿ ತೂಕ ಇಳಿಯುವಾಗ ಹೆಚ್ಚಿನ ಹೆಂಗಸರಲ್ಲಿ ಮೊದಲು ಮುಖ, ಎದೆ, ತೋಳು, ಹೊಟ್ಟೆ ಇಳಿಯುತ್ತದೆ. ತೊಡೆ ಕೊನೆಗೆ.

ನನ್ನ ಸೊಂಟ 92ರಿಂದ 87ಕ್ಕೆ ಬಂದಿತ್ತು. 5 ಸೆಂ.ಮೀ. ಕಡಿಮೆ. ತೊಡೆ ಇಳಿದದ್ದು ಒಂದೇ ಸೆಂಟಿಮೀಟರ್. ಮೇಲೆ ಸಣ್ಣ ಆಗಿ ಕೆಳಗೆ ಹಾಗೇ ಉಳಿದರೆ ಕನ್ನಡಿಯಲ್ಲಿ ಕಾಲು ಎದ್ದು ಕಾಣುತ್ತದೆ, ಅಲ್ವಾ? ಕಣ್ಣು ಅಳೆಯುವುದು ಒಂದರ ಪಕ್ಕ ಇನ್ನೊಂದನ್ನು ಇಟ್ಟು. ನಾನು ಭಾರ ಎತ್ತದೇ ಇದ್ದಾಗಲೂ ಕಾಲು ದಪ್ಪ ಕಂಡಿದ್ದು ಅದಕ್ಕೇ. ಆ ಹೊತ್ತಲ್ಲಿ ನಾನು ಸ್ಕ್ವಾಟ್ ಮಾಡುತ್ತಿದ್ದರೆ ಖಂಡಿತ ಸ್ಕ್ವಾಟ್ ಮೇಲೇ ತಪ್ಪು ಹೊರಿಸುತ್ತಿದ್ದೆ.

ತೊಡೆಯ ಕೊಬ್ಬಿನ ಬಗ್ಗೆ ಅವಳು ಇನ್ನೊಂದು ಮಾತು ಹೇಳಿದಳು. ಹೃದಯಕ್ಕೂ ಸಕ್ಕರೆಗೂ ಹೊಟ್ಟೆಯೊಳಗಿನ ಕೊಬ್ಬು ಮಾಡುವಷ್ಟು ಕೆಡುಕನ್ನು ತೊಡೆಯ ಕೊಬ್ಬು ಮಾಡುವುದಿಲ್ಲ. ಅಷ್ಟು ವರ್ಷ ನನ್ನ ತೊಡೆಯನ್ನು ಬೈದುಕೊಂಡೇ ಬಂದಿದ್ದೆ. ಆ ದಿನ ಸ್ವಲ್ಪ ಮೆತ್ತಗಾದೆ.

ಮತ್ತೆ ಶುರು ಮಾಡಿದೆ. ಈ ಸಲ ಅವಳೇ ಕ್ರಮ ಬರೆದುಕೊಟ್ಟಳು. ಕಾಲಿಗೆ ವಾರದಲ್ಲಿ ಎರಡೇ ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಒಂದು ದಿನ ಸ್ಕ್ವಾಟ್ ಮತ್ತು ಮೆಟ್ಟಿಲು ಹತ್ತುವ ಹಾಗೆ ಮಾಡುವ ಸ್ಟೆಪ್ ಅಪ್. ಇನ್ನೊಂದು ದಿನ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮತ್ತು ಭಾರ ಇಟ್ಟುಕೊಂಡು ಸೊಂಟ ಮೇಲೆತ್ತುವ ಹಿಪ್ ಥ್ರಸ್ಟ್. ಪ್ರತಿಯೊಂದೂ 3 ಸೆಟ್, ಒಂದೊಂದು ಸೆಟ್ ಅಂದರೆ 8ರಿಂದ 12 ಸಲ. ಉಳಿದ ದಿನಗಳಲ್ಲಿ ಬೆನ್ನು, ಭುಜ, ಎದೆ. ನಡಿಗೆ ಹಾಗೇ ಇರಲಿ ಅಂದಳು. ಊಟ ತೀರಾ ಕಡಿಮೆ ಮಾಡಬೇಡ ಅಂತ ಗದರಿದಳು. ದಿನಕ್ಕೆ ಬೇಕಾದ್ದಕ್ಕಿಂತ 300ರಿಂದ 400 ಕ್ಯಾಲೊರಿ ಮಾತ್ರ ಕಡಿಮೆ. ಪ್ರೋಟೀನ್ ಮೈತೂಕದ ಕೆ.ಜಿ.ಗೆ 1.2ರಿಂದ 1.6 ಗ್ರಾಂ. ನನ್ನ ತೂಕಕ್ಕೆ ದಿನಕ್ಕೆ 84 ಗ್ರಾಂ ಮುಟ್ಟಿದರೂ ಸಾಕಿತ್ತು. ಮೊದಮೊದಲು ಅದೇ ಕಷ್ಟ ಆಯಿತು. ನಾನು 40 ಗ್ರಾಂ ಕೂಡ ತಿನ್ನುತ್ತಿರಲಿಲ್ಲ.

"ಹಗುರ ಭಾರ ಕೊಡೇ, ಜಾಸ್ತಿ ಸಲ ಮಾಡ್ತೀನಿ. ದಪ್ಪ ಆಗಲ್ಲ" ಅಂತ ಕೇಳಿಕೊಂಡೆ. 2 ಕೆ.ಜಿ. ಡಂಬೆಲ್ ಹಿಡಿದು 30 ಸಲ ಮಾಡಿದರೆ ಕಾಲು ತೆಳ್ಳಗೆ, ಬಿಗಿಯಾಗಿ ಆಗುತ್ತದೆ ಅಂತ ತುಂಬಾ ಜನ ಹೇಳಿದ್ದರು. ಅದಕ್ಕೆ ಆಧಾರ ಇಲ್ಲವಂತೆ. ಸ್ನಾಯು ದಣಿಯುವ ಹತ್ತಿರಕ್ಕೆ ಹೋದರೆ 8 ಸಲದ ಭಾರವೂ 30 ಸಲದ ಭಾರವೂ ಸ್ನಾಯುವನ್ನು ಹೆಚ್ಚು ಕಡಿಮೆ ಒಂದೇ ಥರ ಬೆಳೆಸುತ್ತವೆ. ದಣಿಯದೇ ನಿಲ್ಲಿಸಿದರೆ ಎರಡರಿಂದಲೂ ಹೆಚ್ಚೇನೂ ಆಗುವುದಿಲ್ಲ. ಭಾರ ಹೊತ್ತರೆ ಬಲವೂ ಬರುತ್ತದೆ, ಮೂಳೆಗೂ ಒಳ್ಳೆಯದು. ಹಾಗಾಗಿ 20 ಕೆ.ಜಿ. ಖಾಲಿ ಬಾರ್‌ನಿಂದ ಶುರು. ಒಂದು ಭಾರದಲ್ಲಿ 12 ಸಲ ಸಲೀಸಾಗಿ ಆದರೆ ಮುಂದಿನ ವಾರ ಎರಡೂವರೆ ಕೆ.ಜಿ. ಜಾಸ್ತಿ.

ತೊಡೆಯ ಒಳಭಾಗ ಮಾತ್ರ ಕರಗಿಸಲು ಒಂದು ಯಂತ್ರ ಇದೆ. ಕೂತು ಎರಡೂ ಕಾಲನ್ನು ಒಳಕ್ಕೆ ಒತ್ತುವುದು. ಅದನ್ನೂ ಕೇಳಿದೆ. ಆಗ ಅವಳು ಹೇಳಿದ ಟೆನಿಸ್ ಆಟಗಾರರ ವಿಷಯ ನನಗೆ ಇವತ್ತಿಗೂ ನೆನಪಿದೆ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದ್ದರು. ರಾಕೆಟ್ ಹಿಡಿಯುವ ಕೈ ವರ್ಷಗಟ್ಟಲೆ ದುಡಿದ ಕೈ. ಅದರ ಸುತ್ತಳತೆ ಜಾಸ್ತಿ ಇತ್ತು, ಸ್ನಾಯು ಬೆಳೆದಿತ್ತು. ಆದರೆ ಚರ್ಮದ ಕೆಳಗಿನ ಕೊಬ್ಬು ಎರಡು ಕೈಯಲ್ಲೂ ಒಂದೇ ಥರ ಇತ್ತು. ಸ್ನಾಯು ತನ್ನ ಪಕ್ಕದ ಕೊಬ್ಬನ್ನೇ ಉರಿಸಬೇಕು ಅಂತ ಇಲ್ಲ. ರಕ್ತದಲ್ಲಿ ಇಡೀ ಮೈಯಿಂದ ಹರಿದು ಬರುವ ಕೊಬ್ಬನ್ನು ಬಳಸುತ್ತದೆ. ವ್ಯಾಯಾಮ ಮಾಡುವಾಗ ತೊಡೆ ಉರಿಯುವುದಕ್ಕೂ ಕೊಬ್ಬು ಉರಿಯುವುದಕ್ಕೂ ಸಂಬಂಧ ಇಲ್ಲ.

ಆ ಉದಾಹರಣೆಯಲ್ಲಿ ನನಗೆ ಭಯವಾಗುವ ಅರ್ಧವೂ ಇತ್ತು. ದುಡಿದ ಕೈ ದಪ್ಪ ಆಗಿತ್ತಲ್ಲ! ಅದನ್ನೂ ಕೇಳಿದೆ. ಅವಳು ಮುಚ್ಚಿಡಲಿಲ್ಲ. ಹೌದು, ಹೆಂಗಸರ ಸ್ನಾಯುವೂ ಬೆಳೆಯುತ್ತದೆ. ಗಂಡಸರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಒಂದು ಡೆಸಿಲೀಟರ್‌ಗೆ 300ರಿಂದ 1000 ನ್ಯಾನೋಗ್ರಾಂ ಇದ್ದರೆ ಹೆಂಗಸರಲ್ಲಿ ಸುಮಾರು 15ರಿಂದ 70. ಆದರೆ ಆ ಕಾರಣಕ್ಕೆ ಸ್ನಾಯು ಬೆಳೆಯುವುದೇ ಇಲ್ಲ ಅನ್ನುವುದು ತಪ್ಪು. ಇದ್ದ ಸ್ನಾಯುವಿನ ಲೆಕ್ಕದಲ್ಲಿ ನೋಡಿದರೆ ನೂರಕ್ಕೆ ಇಷ್ಟು ಅಂತ ಇಬ್ಬರಲ್ಲೂ ಹೆಚ್ಚು ಕಡಿಮೆ ಅಷ್ಟೇ ಬೆಳೆಯುತ್ತದೆ. ನಾವು ಶುರು ಮಾಡುವುದೇ ಕಡಿಮೆ ಸ್ನಾಯುವಿನಿಂದ. ಹಾಗಾಗಿ ಒಟ್ಟು ಸೇರುವುದೂ ಕಡಿಮೆ. ಸ್ನಾಯು ಬೆಳೆಯಲು ತಿನ್ನುವುದೂ ಸಾಕಷ್ಟು ಇರಬೇಕು. ಊಟ ಕಡಿಮೆ ಮಾಡಿ ತೂಕ ಇಳಿಸುತ್ತಿರುವಾಗ ಮೈಗೆ ಇರುವುದನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಬಲ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಯಾಕೆಂದರೆ ಮೊದಲ ವಾರಗಳಲ್ಲಿ ಬರುವ ಬಲ ಬಹುಪಾಲು ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ ಬರುತ್ತದೆ.

ಮೀರಾಬಾಯಿ ಚಾನು ನೆನಪಾದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ತಲೆ ಮೇಲಕ್ಕೆ ಎತ್ತಿದ್ದು 115 ಕೆ.ಜಿ. ಸ್ಪರ್ಧಿಸಿದ್ದು 49 ಕೆ.ಜಿ. ವಿಭಾಗದಲ್ಲಿ. ಎಷ್ಟೋ ವರ್ಷ ದಿನಾ ಭಾರ ಎತ್ತಿದ ಮೇಲೂ ಅವರ ಇಡೀ ಮೈತೂಕ 49 ಕೆ.ಜಿ.! ನಾನು ವಾರಕ್ಕೆ ಎರಡು ದಿನ ಖಾಲಿ ಬಾರ್ ಹೊತ್ತು ಹೆದರುತ್ತಿದ್ದೆ.

ಅಳೆಯುವ ಕ್ರಮ ಬದಲಾಯಿಸಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ತಪ್ಪು ಅಳತೆಯಿಂದಲೇ ನಾನು ಅಷ್ಟು ಅತ್ತಿದ್ದು. ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದು, ಏನೂ ತಿನ್ನುವ ಮೊದಲು. ಹಿಂದಿನ ದಿನ ಕಾಲಿನ ವ್ಯಾಯಾಮ ಇರಬಾರದು. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನೇರ ನಿಲ್ಲಬೇಕು. ತೊಡೆಸಂದಿಯ ಗೆರೆ ಮತ್ತು ಮಂಡಿಚಿಪ್ಪಿನ ಮೇಲಂಚು, ಇವೆರಡರ ಸರಿಯಾದ ಮಧ್ಯಕ್ಕೆ ಪೆನ್ನಿನಿಂದ ಗುರುತು ಹಾಕಿ ಅಲ್ಲೇ ಅಳೆಯಬೇಕು. ಎರಡು ಬೆರಳು ಮೇಲೆ ಹೋದರೂ ಅಳತೆ ಬದಲಾಗಿಬಿಡುತ್ತದೆ. ಟೇಪ್ ಚರ್ಮಕ್ಕೆ ತಾಗಬೇಕು, ಒತ್ತಬಾರದು. ಸೊಂಟವನ್ನೂ ಅದೇ ದಿನ ಅಳೆಯಬೇಕು. ಎಲ್ಲಕ್ಕಿಂತ ಮುಖ್ಯ, ಈ ವಾರದ ಅಳತೆಯನ್ನು ಹಿಂದಿನ ವಾರದ ಜೊತೆ ಹೋಲಿಸಬಾರದು. ಹಿಂದಿನ ತಿಂಗಳು, ಮುಟ್ಟಿನ ಲೆಕ್ಕದಲ್ಲಿ ಇದೇ ವಾರ ಎಷ್ಟಿತ್ತು ಅಂತ ನೋಡಬೇಕು. ನನಗೆ ಮುಟ್ಟಿನ ಮುಂಚೆ ಅರ್ಧ ಸೆಂಟಿಮೀಟರ್ ಯಾವಾಗಲೂ ಜಾಸ್ತಿ ಬರುತ್ತದೆ. ಒಂಬತ್ತು ತಿಂಗಳ ಪುಸ್ತಕದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಎರಡನೇ ಸಲವೂ ತೊಡೆ ಏರಿತು. 60 ಇದ್ದದ್ದು ಮೂರನೇ ವಾರಕ್ಕೆ 60.7. ಯಾಕೆ ಅಂತ ಗೊತ್ತಿದ್ದರೂ ಎದೆ ಡವಡವ ಅಂದಿತು. ಮೊದಲ ಸಲದಷ್ಟು ಏರಲಿಲ್ಲ. ಬಿಡುವು ಕೊಡುತ್ತಿದ್ದೆನಲ್ಲ. ಐದನೇ ವಾರಕ್ಕೆ 60.1. ಎಂಟನೇ ವಾರಕ್ಕೆ 59.3. ಆಮೇಲೆ ಎರಡು ತಿಂಗಳು ತಕ್ಕಡಿ 68ರಲ್ಲೇ ನಿಂತುಬಿಟ್ಟಿತು. ಆ ಎರಡು ತಿಂಗಳಲ್ಲೇ ಸೊಂಟ 2 ಸೆಂ.ಮೀ. ಇಳಿಯಿತು. ತಕ್ಕಡಿ ಒಂದನ್ನೇ ನೋಡುತ್ತಿದ್ದರೆ ಮತ್ತೆ ಬಿಡುತ್ತಿದ್ದೆ.

ನನ್ನ ಜೊತೆ ಜಿಮ್‌ಗೆ ಬರುವ ಒಬ್ಬರ ತೊಡೆ ಮಾತ್ರ ನಿಜವಾಗಿ ದಪ್ಪ ಆಯಿತು. ಅವರ ಕಥೆಯನ್ನೂ ಹೇಳದಿದ್ದರೆ ಸರಿ ಆಗುವುದಿಲ್ಲ. ಒಂದು ವರ್ಷ ಚೆನ್ನಾಗಿ ಭಾರ ಎತ್ತಿದರು. ವ್ಯಾಯಾಮದ ಹಸಿವಿಗೆ ಊಟವೂ ಜಾಸ್ತಿ ಆಯಿತು. ತೂಕ ಇಳಿಯಲಿಲ್ಲ, ಎರಡು ಕೆ.ಜಿ. ಏರಿತು. ಅಂದರೆ ಕೊಬ್ಬಿನ ಪದರ ಹಾಗೇ ಇತ್ತು, ಒಳಗೆ ಸ್ನಾಯು ಬೆಳೆಯಿತು. ಹೊರಗೆ ಇಳಿಯದೆ ಒಳಗೆ ಬೆಳೆದರೆ ಸುತ್ತಳತೆ ಏರಲೇಬೇಕು. ಅವರ ಮಾತು ಸುಳ್ಳಲ್ಲ. ಕೆಲವರಿಗೆ ಕಾಲಿನ ಸ್ನಾಯು ಬೇರೆಯವರಿಗಿಂತ ಬೇಗ ಬೆಳೆಯುವುದೂ ಇದೆ. ಯಾರಾದರೂ "ಕಾಲು ದಪ್ಪ ಆಯ್ತು" ಅಂದರೆ ನಾನು ಈಗ ಮೊದಲು ಕೇಳುವುದು ಸೊಂಟದ ಅಳತೆ. ಸೊಂಟ, ತೂಕ ಇಳಿಯುತ್ತಿದ್ದು ತೊಡೆ ಮಾತ್ರ ಏರಿದ್ದರೆ, ಅದೂ ಮೊದಲ ಒಂದೆರಡು ತಿಂಗಳಲ್ಲಿ, ಅದು ಬಹುತೇಕ ನೀರು. ಸೊಂಟವೂ ಏರುತ್ತಿದ್ದರೆ ಊಟದ ಕಡೆ ನೋಡಬೇಕು.

ಇನ್ನೊಂದನ್ನು ಗೆಳತಿ ಒತ್ತಿ ಹೇಳಿದ್ದಳು. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ, ನೋವು, ಬಿಸಿ, ಕೆಂಪು ಇದ್ದರೆ ಅದನ್ನು ವ್ಯಾಯಾಮದ ಬಾವು ಅಂತ ಬಿಡಬಾರದು. ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಡಾಕ್ಟರ್ ಹತ್ತಿರ ಹೋಗಬೇಕು. ವ್ಯಾಯಾಮದ ನಂತರ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೂ ಅಷ್ಟೇ. ಎರಡೂ ಕಾಲು ವರ್ಷಗಟ್ಟಲೆ ಒಂದೇ ಥರ ದಪ್ಪ, ಪಾದ ಮಾತ್ರ ಸಣ್ಣ, ಮುಟ್ಟಿದರೆ ನೋವು, ಸುಮ್ನೆ ತಾಗಿದರೂ ನೀಲಿ ಕಲೆ, ಎಷ್ಟು ತೂಕ ಇಳಿದರೂ ಕಾಲು ಇಳಿಯುತ್ತಿಲ್ಲ ಅಂದರೆ ಲಿಪಿಡೀಮಾ ಅನ್ನುವ ತೊಂದರೆ ಇರಬಹುದು. ಅದು ಬರುವುದು ಹೆಚ್ಚಾಗಿ ಹೆಂಗಸರಿಗೇ. ಎಷ್ಟೋ ಜನ ಅದನ್ನು ತಮ್ಮ ತಪ್ಪು ಅಂತ ಅಂದುಕೊಂಡು ಕೊರಗುತ್ತಾರೆ. ಅದು ಅವರ ತಪ್ಪಲ್ಲ.

ಒಂಬತ್ತನೇ ತಿಂಗಳ ಕೊನೆಗೆ ತೂಕ 65.2. ಸೊಂಟ 79. ತೊಡೆ 57.1. ಎಚ್‌ಬಿಎ1ಸಿ 5.6. ಸ್ಕ್ವಾಟ್ 50 ಕೆ.ಜಿ., 6 ಸಲ. ಮಂಡಿ ನೋವು ಯಾವಾಗ ಹೋಯಿತು ಅಂತಲೇ ಗೊತ್ತಾಗಲಿಲ್ಲ. ಒಂದು ದಿನ ನೆಲದಿಂದ ಕೈ ಊರದೆ ಎದ್ದೆ. ಎದ್ದ ಮೇಲೆ ಹೊಳೆಯಿತು.

ತೊಡೆಯ ಆಕಾರ ಬದಲಾಗಿದೆ. ಮಂಡಿಯ ಮೇಲೆ, ಒಳಬದಿಗೆ, ಕಣ್ಣೀರ ಹನಿಯ ಆಕಾರದ ಒಂದು ಉಬ್ಬು ಕಾಣುತ್ತದೆ. ಅದು ಮೊದಲು ಇರಲಿಲ್ಲ. ಹೊರಬದಿಯ ಕೊಬ್ಬು ಇಳಿದಿದೆ, ಒಳಬದಿಯದು ಇನ್ನೂ ಸ್ವಲ್ಪ ಇದೆ. ಮೀನಖಂಡ ಒಂದು ಚೂರೂ ಬದಲಾಗಿಲ್ಲ. ನಮ್ಮ ಅಮ್ಮನ ಮೀನಖಂಡವೂ ಹೀಗೇ.

ಆ ಕಪ್ಪು ಪ್ಯಾಂಟ್ ಈಗ ತೊಡೆಯ ಹತ್ತಿರ ಸಡಿಲ, ಸೊಂಟದಲ್ಲಂತೂ ನಿಲ್ಲುವುದೇ ಇಲ್ಲ. ಅತ್ತಿಗೆಗೆ ತೋರಿಸಿದೆ. ಅವರು ನನ್ನ ತೊಡೆ ಒತ್ತಿ ನೋಡಿ, "ಗಟ್ಟಿಯಾಗಿದೆ ಕಣೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಂಗೂ ಮಂಡಿ ನೋವು. ಇದನ್ನ ನಾನು ಮಾಡಬಹುದಾ?" ಅಂತ ಕೇಳಿದರು. ಅವರಿಗೆ 56 ವರ್ಷ. ಗೆಳತಿ ಹತ್ತಿರ ಕರೆದುಕೊಂಡು ಹೋದೆ. ಈಗ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಎರಡು ಸೆಟ್ ಮಾಡುತ್ತಾರೆ.

ತೂಕ ಇಳಿಸುವುದನ್ನು ನಿಲ್ಲಿಸಿ ಮೂರು ತಿಂಗಳಾಯಿತು. ಈಗ ಮೈಗೆ ಬೇಕಾದಷ್ಟು ತಿನ್ನುತ್ತೇನೆ, ಒಂದೊಂದು ದಿನ ಸ್ವಲ್ಪ ಜಾಸ್ತಿಯೇ. ಸ್ಕ್ವಾಟ್ 60 ಕೆ.ಜಿ. ಮುಟ್ಟಿದೆ. ತೂಕ 66. ತೊಡೆ 57.1ರಿಂದ 57.8 ಆಗಿದೆ. ಸೊಂಟ ಹಾಗೇ ಇದೆ. ಬೆಳಿಗ್ಗೆ ಅಳೆದದ್ದು, ಅದೇ ಗುರುತಿನಲ್ಲಿ, ತಿಂಗಳ ಅದೇ ವಾರ. ಮೂರು ತಿಂಗಳೂ ಚೂರು ಚೂರೇ ಏರಿದೆ. ಗೆಳತಿಗೆ ಪುಸ್ತಕ ತೋರಿಸಿದೆ. "ಇದು ನೀರಲ್ಲ. ಇದು ನಿಜವಾದ ಸ್ನಾಯು" ಅಂದಳು. ಬೇಡ ಅಂದರೆ ಕಾಲಿನ ಸೆಟ್‌ಗಳನ್ನು ಕಡಿಮೆ ಮಾಡಿ ಇಷ್ಟಕ್ಕೇ ನಿಲ್ಲಿಸಬಹುದು ಅಂತಲೂ ಹೇಳಿದಳು.

ಮಂಗಳವಾರ ಮತ್ತು ಶುಕ್ರವಾರ ಕಾಲಿನ ದಿನ. ಸೆಟ್ ಕಡಿಮೆ ಮಾಡಿಲ್ಲ. ಈ ಶುಕ್ರವಾರ 62.5 ಕೆ.ಜಿ. ಹಾಕುತ್ತೇನೆ.